ಅತ್ತೆಯ ಹಾಲಿನ ಫ್ಯಾಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಮಂದಿಯೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ಆ ದಿನ ಬೆಳಗ್ಗೆ ನನಗೆ ಸಿಟ್ಟು ಬಂದಿರಲಿಲ್ಲ. ಇಂದಿಗೂ ನನ್ನನ್ನು ಕಾಡುವುದು ಅದೇ. ಸಿಟ್ಟಿನಲ್ಲಿ ಬಾಯಿ ಜಾರಿದ್ದರೆ ಸಿಟ್ಟಿನ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು. ನಾನು ಮೂರು ದಿನ ತಣ್ಣಗೆ ಯೋಚನೆ ಮಾಡಿ, ನಾಲ್ಕನೆಯ ದಿನ ಹನ್ನೊಂದು ಹೆಂಗಸರ ಎದುರಿಗೆ ನನ್ನ ಗಂಡನ ಸೋದರತ್ತೆಗೆ, ನೀವು ಕೆನೆ ತೆಗೆದು ಹಾಲು ಹಾಕುತ್ತೀರಿ ಅಂದುಬಿಟ್ಟೆ.

ನಮ್ಮದು ಸಂಡೂರಿನಿಂದ ಯಶವಂತನಗರಕ್ಕೆ ಹೋಗುವ ದಾರಿಯಲ್ಲಿ ಗುಡ್ಡದ ಬುಡಕ್ಕಿರುವ ಊರು. ಅದಿರಿಗೆ ಚಿನ್ನದ ಬೆಲೆ ಬಂದ ಕಾಲ ಅದು, ಎರಡು ಸಾವಿರದ ನಾಲ್ಕೋ ಐದೋ. ಊರಿನಲ್ಲಿ ಹೆಂಗಸರದೇ ಒಂದು ಹಾಲಿನ ಸಂಘ ಇತ್ತು. ಎಲ್ಲರೂ ಅದನ್ನು ಡೈರಿ ಅಂತಲೇ ಕರೆಯುತ್ತಿದ್ದರು. ನಾನು ಹತ್ತನೇ ತರಗತಿ ಪಾಸಾದವಳು, ಊರಿನ ಸೊಸೆಯರಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಹೊಸಪೇಟೆಗೆ ಕಳಿಸಿ ಹತ್ತು ದಿನ ತರಬೇತಿ ಕೊಡಿಸಿ, ಹಾಲು ಪರೀಕ್ಷೆ ಮಾಡುವ ಕೆಲಸ ನನಗೆ ಕೊಟ್ಟರು. ಒಂದು ಕಡ್ಡಿ ಇಳಿಬಿಟ್ಟರೆ ಹಾಲಿನ ಡಿಗ್ರಿ ಗೊತ್ತಾಗುತ್ತಿತ್ತು, ಅಂದರೆ ನೀರು ಬೆರೆಸಿದ್ದಾರೋ ಇಲ್ಲವೋ ಅನ್ನುವುದು. ಇನ್ನೊಂದು ಮಷೀನಿಗೆ ಸ್ವಲ್ಪ ಹಾಲು ಕುಡಿಸಿದರೆ ಅದರಲ್ಲಿ ಬೆಣ್ಣೆಯ ಅಂಶ ಎಷ್ಟಿದೆ ಅಂತ ಕೆಂಪು ಅಂಕಿಯಲ್ಲಿ ಬರುತ್ತಿತ್ತು. ಅದಕ್ಕೆ ಎಲ್ಲರೂ ಫ್ಯಾಟು ಅಂತಿದ್ದರು. ಆಕಳ ಹಾಲಾದರೆ ಮೂರೂವರೆಗಿಂತ ಕೆಳಗೆ ಬರಬಾರದು.

ಆ ಮಷೀನಿನ ಮುಂದೆ ಕೂತಾಗ ನನಗೆ ಎಷ್ಟು ಗರ್ವ ಇತ್ತು ಅಂತ ಈಗ ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಡೈರಿಯಲ್ಲಿ ಮಾತ್ರ ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಕ್ಯಾನು ಹಿಡಿದು, ನಾನು ಏನು ಹೇಳುತ್ತೇನೋ ಅಂತ ಬಾಯಿ ನೋಡುತ್ತಾ ನಿಲ್ಲುತ್ತಿದ್ದರು.

ಅತ್ತೆಯ ಹಾಲು ಬಂದರೆ ನಾನು ಮಷೀನು ನೋಡುವ ಮೊದಲೇ ಅಂಕಿ ಹೇಳುತ್ತಿದ್ದೆ. ನಾಲ್ಕೂವರೆ. ಒಂದೊಂದು ದಿನ ಅದಕ್ಕೂ ಮೇಲೆ. ಅವರದು ಒಂದೇ ಒಂದು ಜರ್ಸಿ ತಳಿಯ ಕಂದು ಆಕಳು. ಗಂಡ ತೀರಿಕೊಂಡ ಮೇಲೆ ಆ ಒಂದು ಆಕಳನ್ನೇ ನಂಬಿ ಮಗಳನ್ನು ದೊಡ್ಡವಳನ್ನಾಗಿ ಮಾಡಿ ಕಂಪ್ಲಿಗೆ ಕೊಟ್ಟಿದ್ದರು. ನನ್ನನ್ನು ಈ ಮನೆಗೆ ತಂದವರೂ ಅವರೇ. ನಾನು ಮದುವೆಯಾಗಿ ಬರುವಷ್ಟರಲ್ಲಿ ಗಂಡನ ತಾಯಿ ಇರಲಿಲ್ಲ. ಒಲೆ ಮುಂದೆ ಕೂರಿಸಿ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದ್ದರಿಂದ ಹಿಡಿದು, ಗಂಡ ಸಿಟ್ಟಾದಾಗ ಎಲ್ಲಿ ಸುಮ್ಮನಿರಬೇಕು, ಎಲ್ಲಿ ತಿರುಗಿ ಬೈಯಬೇಕು ಅನ್ನುವುದರ ತನಕ ಹೇಳಿಕೊಟ್ಟವರು ಅವರು.

ಆಗ ಊರಿನ ದನವೆಲ್ಲ ಒಟ್ಟಿಗೆ ಗುಡ್ಡಕ್ಕೆ ಮೇಯಲಿಕ್ಕೆ ಹೋಗುತ್ತಿದ್ದವು. ಮುಂಗಾರಿನ ಮಳೆ ಬಿದ್ದು ಹುಲ್ಲು ಮೊಣಕಾಲೆತ್ತರ ಬೆಳೆದ ದಿನಗಳಲ್ಲಿ ಅತ್ತೆಯ ಆಕಳ ಹಾಲು ಕ್ಯಾನಿನಲ್ಲೇ ಹಳದಿ ಕಾಣುತ್ತಿತ್ತು. ಬೆಣ್ಣೆ ಎಷ್ಟು ಮೆತ್ತಗೆ ಬರುತ್ತಿತ್ತೆಂದರೆ ಬೆಳಗಿನ ಥಂಡಿಯಲ್ಲೂ ಉಂಡೆ ಕಟ್ಟಲಿಕ್ಕೆ ಆಗುತ್ತಿರಲಿಲ್ಲ. ಕಾಸಿದರೆ ಅರಿಶಿಣದ ಬಣ್ಣದ, ಮರಳು ಮರಳಾದ ತುಪ್ಪ. ಬೇಸಿಗೆಯಲ್ಲಿ ಗುಡ್ಡದ ಒಣಗಿದ ಹುಲ್ಲು ತಿನ್ನುವಾಗ ಅದೇ ಆಕಳ ಬೆಣ್ಣೆ ಬೆಳ್ಳಗೆ, ಗಟ್ಟಿಯಾಗಿ ಬರುತ್ತಿತ್ತು. ಹಸಿ ಹುಲ್ಲು ತಿಂದರೆ ಹಳದಿ, ಒಣ ಮೇವು ತಿಂದರೆ ಬಿಳಿ ಅನ್ನುವುದು ನಮ್ಮ ಊರಿನ ಚಿಕ್ಕ ಹುಡುಗಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಆ ವರ್ಷ ದಸರೆ ಮುಗಿಯುವಷ್ಟರಲ್ಲಿ ನಮ್ಮ ದಾರಿಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಲ್ಲತೊಡಗಿದವು. ಮಳೆ ನಿಂತದ್ದೇ ತಡ ಕೆಂಪು ದೂಳು ಎದ್ದಿತು. ಗುಡ್ಡದ ಹುಲ್ಲು, ಬೇವಿನ ಎಲೆ, ಒಣಹಾಕಿದ ಸೀರೆ, ಬಾಗಿಲ ರಂಗೋಲಿ, ಎಲ್ಲ ಕೆಂಪು. ದನಗಳು ಹುಲ್ಲಿಗೆ ಮೂತಿ ಹಾಕಿ, ಸೀನಿ, ತಲೆ ಕೊಡವಿ ಸುಮ್ಮನೆ ನಿಂತುಬಿಡುತ್ತಿದ್ದವು. ಸಾಲದ್ದಕ್ಕೆ ದನ ಕಾಯುತ್ತಿದ್ದ ಮುದುಕ ಆ ಕೆಲಸ ಬಿಟ್ಟುಬಿಟ್ಟ. ಅದಿರಿನ ಯಾರ್ಡಿನಲ್ಲಿ ಸೀಟಿ ಊದಿ ಲಾರಿ ಹಿಂದೆ ಮುಂದೆ ಮಾಡಿಸುವ ಕೆಲಸ ಸಿಕ್ಕಿತ್ತು ಅವನಿಗೆ. ಮೂವತ್ತು ವರ್ಷ ಹೋರಿಗಳನ್ನು ತಿರುಗಿಸಿದ ಕೈ, ಲಾರಿ ಯಾವ ಲೆಕ್ಕ ಅಂತ ಊರವರು ನಕ್ಕರು. ದನಗಳು ಕೊಟ್ಟಿಗೆಯಲ್ಲೇ ಉಳಿದವು.

ನಮಗೆ ಮರಿಯಮ್ಮನಹಳ್ಳಿ ಕಡೆ ಮೈದುನನ ಹೊಲದಿಂದ ಜೋಳದ ಸೊಪ್ಪೆ, ಅಂದರೆ ಒಣ ದಂಟು, ಬರುತ್ತಿತ್ತು, ಹಾಗಾಗಿ ನಮ್ಮ ಆಕಳಿಗೆ ತೊಂದರೆ ಇರಲಿಲ್ಲ. ಅತ್ತೆಗೆ ಹೊಲ ಇಲ್ಲ, ಸೊಪ್ಪೆ ಇಲ್ಲ. ಗುಡ್ಡವೇ ಅವರ ಹೊಲ. ಅದೇ ಹೊತ್ತಿಗೆ ಮಗಳು ಚೊಚ್ಚಲ ಹೆರಿಗೆಗೆ ಅಂತ ಕಂಪ್ಲಿಯಿಂದ ಬಂದು ಕೂತಿದ್ದಳು. ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ಆಕಳು ಹಸಿದು ಅರಚಿದರೆ ಅತ್ತೆ ಒಳಗೆ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಅನ್ನದ ವಿಚಾರ ತಲೆಗೆ ಬಂದದ್ದು ನನಗೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಇದೇ ಬುಡ. ನನ್ನ ಗಂಡ ಗಣಿ ಕಂಪನಿಯ ಬಸ್ಸು ಓಡಿಸುತ್ತಿದ್ದರು. ಯಶವಂತನಗರದ ಹತ್ತಿರ ಕೂಲಿಯವರಿಗೆ ಅಡುಗೆ ಮಾಡುವ ಒಂದು ಕ್ಯಾಂಟೀನಿತ್ತು. ಅಲ್ಲಿ ದಿನಾ ಅನ್ನ ಮಿಕ್ಕು ಚೆಲ್ಲುತ್ತಾರೆ ಅಂತ ಅವರೇ ಒಮ್ಮೆ ಹೇಳಿದ್ದರು. ಚೆಲ್ಲುವುದನ್ನು ಒಂದು ಡ್ರಮ್ಮಿನಲ್ಲಿ ತುಂಬಿಸಿ ಬಸ್ಸಿನಲ್ಲಿ ತನ್ನಿ, ಅತ್ತೆಯ ಆಕಳಿಗಾದರೂ ಆದೀತು ಅಂತ ನಾನು ಗಂಟುಬಿದ್ದೆ. ಅವರು ಮೊದಲು ಒಲ್ಲೆ ಅಂದರು, ಆಮೇಲೆ ತಂದರು. ನೀಲಿ ಡ್ರಮ್ಮಿನ ತುಂಬ ಬೆಳ್ಳನೆಯ ಅನ್ನ. ಅತ್ತೆ ಅದರ ಮೇಲೆ ರೈಸ್ ಮಿಲ್ಲಿನ ತೌಡು ಎರಚಿ ಬಕೆಟ್ಟುಗಟ್ಟಲೆ ಇಟ್ಟರೆ ಆಕಳು ತಲೆ ಎತ್ತದೆ ತಿನ್ನುತ್ತಿತ್ತು. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಾಗಿತ್ತು ಅಂತ ಅತ್ತೆ ನನ್ನ ಗಲ್ಲ ಸವರಿ ನಟಿಕೆ ಮುರಿದರು.

ಎರಡು ವಾರದಲ್ಲಿ ಹಾಲು ಏರಿತು. ಹೊತ್ತಿಗೆ ಮೂರು ಲೀಟರ್ ಕೊಡುತ್ತಿದ್ದದ್ದು ನಾಲ್ಕು ಲೀಟರ್ ಆಯಿತು. ಡೈರಿಯಲ್ಲಿ ಎಲ್ಲರೂ ಹುಬ್ಬೇರಿಸಿದರು. ಅನ್ನ ತಿಂದ ಆಕಳು ಅಂದರೆ ಸುಮ್ಮನೇನಾ ಅಂತ ನಾನೂ ಎದೆ ಉಬ್ಬಿಸಿದೆ. ಅತ್ತೆಗೆ ಮೊಮ್ಮಗ ಹುಟ್ಟಿದ. ಎಲ್ಲ ಚೆನ್ನಾಗಿಯೇ ಇತ್ತು.

ಮಷೀನಿನ ಅಂಕಿ ಮಾತ್ರ ಇಳಿಯುತ್ತಾ ಬಂತು. ನಾಲ್ಕೂವರೆ ಇದ್ದದ್ದು ನಾಲ್ಕು, ಆಮೇಲೆ ಮೂರೂಮುಕ್ಕಾಲು, ಆಮೇಲೆ ಮೂರೂವರೆ. ಹಾಲು ಹೆಚ್ಚಾದರೆ ಫ್ಯಾಟು ಒಂಚೂರು ಇಳಿಯುವುದು ಸಹಜ ಅಂದುಕೊಂಡು ನಾನು ಬಾಯಿಬಿಡಲಿಲ್ಲ. ಧನುರ್ಮಾಸದ ಒಂದು ಬೆಳಗ್ಗೆ ಎರಡು ಪಾಯಿಂಟ್ ಎಂಟು ಬಂತು. ಮಷೀನು ತೊಳೆದು ಮತ್ತೆ ನೋಡಿದೆ. ಮತ್ತೆ ಅದೇ. ಮರುದಿನವೂ ಅದೇ, ಅದರ ಮರುದಿನವೂ ಅದೇ.

ನೀರು ಬೆರೆಸಿದ್ದರೆ ಕಡ್ಡಿ ಮುಳುಗಬೇಕಿತ್ತು. ಕಡ್ಡಿ ಮುಳುಗಲಿಲ್ಲ, ಡಿಗ್ರಿ ಎಂದಿಗಿಂತ ಒಂದು ಕೈ ಮೇಲೇ ಇತ್ತು. ತರಬೇತಿಯಲ್ಲಿ ನಮಗೆ ಕಲಿಸಿದ್ದು ಬಾಯಿಪಾಠ ಆಗಿತ್ತು: ಡಿಗ್ರಿ ಸರಿಯಿದ್ದು ಫ್ಯಾಟು ಇಲ್ಲದಿದ್ದರೆ ಕೆನೆ ತೆಗೆದಿದ್ದಾರೆ ಅಂತ ತಿಳಿಯಬೇಕು. ಸಂಜೆಯ ಹಾಲು ಇಟ್ಟು, ಮೇಲಿನ ಕೆನೆ ತೆಗೆದು, ಉಳಿದದ್ದನ್ನು ಬೆಳಗಿನ ಹಾಲಿಗೆ ಬೆರೆಸಿ ತಂದರೆ ಹೀಗೇ ಬರುತ್ತದೆ. ಅಷ್ಟರಲ್ಲಿ ಡೈರಿಯ ಹೆಂಗಸರಲ್ಲಿ ಒಬ್ಬರು, ಬಾಣಂತಿಗೆ ಅತ್ತೆ ಎಷ್ಟು ತುಪ್ಪ ಹಾಕುತ್ತಾರೆ ಅಂತ ಬಾಯಿ ಚಪ್ಪರಿಸಿ ವರ್ಣಿಸಿದ್ದರು. ಅಂಟಿನುಂಡಿಯಲ್ಲಿ ತುಪ್ಪ, ಅನ್ನಕ್ಕೆ ತುಪ್ಪ, ಕೂಸಿನ ಮೈಗೂ ತುಪ್ಪ. ಹಾಲೆಲ್ಲ ಡೈರಿಗೆ ಹಾಕುವವರ ಮನೆಯಲ್ಲಿ ಇಷ್ಟು ತುಪ್ಪ ಎಲ್ಲಿಂದ ಬಂತು? ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕು ಕೂತಿತು. ನಾನು ಅದಕ್ಕೆ ಉತ್ತರವನ್ನೂ ನಾನೇ ಕೊಟ್ಟುಕೊಂಡೆ.

ನಾಲ್ಕನೆಯ ದಿನ ಅತ್ತೆಯ ಸರದಿ ಬಂತು. ಹಿಂದೆ ಮುಂದೆ ಎಲ್ಲರೂ ಇದ್ದರು. ಮತ್ತೆ ಎರಡು ಪಾಯಿಂಟ್ ಎಂಟು. ನಾನು ತಲೆ ಎತ್ತಿ, ದನಿ ಏರಿಸದೆ ಹೇಳಿದೆ.

"ಅತ್ತೀ, ನೀರು ಹಾಕಿಲ್ರಿ ನೀವು, ಅದು ನನಗೂ ಗೊತ್ತೈತಿ. ಕೆನಿ ತಗದೀರಿ."

ಅತ್ತೆ ಮೊದಲು ನಕ್ಕರು. ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ನಾನು ನಗಲಿಲ್ಲ ಅಂತ ನೋಡಿದ ಮೇಲೆ ಅವರ ಮುಖ ಸಣ್ಣದಾಯಿತು. ತಲೆ ಮೇಲಿನ ಸೆರಗು ಸರಿ ಮಾಡಿಕೊಂಡರು.

"ಯವ್ವಾ, ನಾ ಕೆನಿ ತಗದಿಲ್ಲ. ಸಂಜಿಗೆ ಕೊಟ್ಟಿಗಿಗೆ ಬಾ. ನಿನ್ನ ಕೈಲೇ ಹಿಂಡಿಕೊಂಡು ಬಾ. ಆಮ್ಯಾಲೆ ಏನಾರ ಅನ್ನು."

ಅವರು ಕೇಳಿದ್ದು ಹೊಸದೇನಲ್ಲ. ನಮ್ಮ ಡೈರಿಯಲ್ಲಿ ಎದುರಿಗೆ ಹಿಂಡುವುದು ಅಂತ ಒಂದು ಪದ್ಧತಿಯಿತ್ತು. ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರೂ ಒಪ್ಪಿದ್ದರು. ಯಾರದಾದರೂ ಹಾಲಿನ ಮೇಲೆ ಅನುಮಾನ ಬಂದರೆ, ಪರೀಕ್ಷೆ ಮಾಡುವವಳು ಅವರ ಕೊಟ್ಟಿಗೆಗೆ ಹೋಗಿ, ಕೈ ತೊಳೆದು, ತಾನೇ ಹಾಲು ಹಿಂಡಿ, ತಾನೇ ಹೊತ್ತು ತಂದು ಮಷೀನಿಗೆ ಹಾಕಬೇಕು. ಅಲ್ಲಿ ಏನು ಬರುತ್ತದೋ ಅದೇ ಕೊನೆ. ಆಮೇಲೆ ಆ ಮಾತು ಯಾರೂ ಎತ್ತುವಂತಿಲ್ಲ. ಅದಕ್ಕೂ ಹಿಂದೆ ಇಬ್ಬರ ಕೊಟ್ಟಿಗೆಗೆ ನಾನು ಹೋಗಿದ್ದೆ. ಅವರ ಮೇಲೆ ನನಗೆ ಅಷ್ಟೇನು ಮಮತೆಯೂ ಇರಲಿಲ್ಲ.

ಅತ್ತೆ ಕರೆದಾಗ ಹೋಗಲಿಲ್ಲ. ಏಕೆ ಅಂತ ನನ್ನನ್ನು ನಾನು ನೂರು ಸಲ ಕೇಳಿಕೊಂಡಿದ್ದೇನೆ. ಸ್ವಂತದವರು ಅಂತ ಬಿಟ್ಟಳು ಅಂತ ಊರು ಆಡಿಕೊಳ್ಳುತ್ತದೆ ಅನ್ನುವ ಭಯ ಒಂದು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಮುಂದೆ ಹೇಳಿದ ಮಾತನ್ನು ನಾನೇ ಹೋಗಿ ಪರೀಕ್ಷೆ ಮಾಡಿದರೆ ನನ್ನ ಮಾತಿಗೆ ಏನು ಬೆಲೆ ಉಳಿಯಿತು ಅನ್ನುವ ಸೊಕ್ಕು. ಸೊಕ್ಕು ಅಂತಲೇ ಹೇಳಬೇಕು, ಬೇರೆ ಹೆಸರಿಲ್ಲ.

"ಮಷೀನಿಗೆ ನಿಮ್ಮ ಮ್ಯಾಲೇನು ಸಿಟ್ಟೈತೇನ್ರಿ?" ಅಂದೆ. ಕ್ಯಾನಿನ ಮುಚ್ಚಳ ಮುಚ್ಚಿ ಅವರ ಕಡೆಗೆ ತಳ್ಳಿದೆ.

ಸಾಲಿನಲ್ಲಿದ್ದ ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಅತ್ತೆ ಕ್ಯಾನು ಎತ್ತಿಕೊಂಡು ಹೋದರು. ಜಗಳ ಮಾಡಿದ್ದರೆ, ಎದೆ ಬಡಿದುಕೊಂಡು ಶಾಪ ಹಾಕಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ.

ಅಂದಿನಿಂದ ಅತ್ತೆ ಡೈರಿಗೆ ಬರಲಿಲ್ಲ. ಹಾಲನ್ನು ಸೈಕಲ್ಲಿನ ಮೇಲೆ ಬರುವ ಒಬ್ಬ ವ್ಯಾಪಾರಿಗೆ ಹಾಕತೊಡಗಿದರು. ಅವನು ಫ್ಯಾಟು ನೋಡುವವನಲ್ಲ, ಡೈರಿಗಿಂತ ಕಡಿಮೆ ಕೊಡುವವನು. ಎರಡು ದಿನ ಬಿಟ್ಟು ನಮ್ಮ ಮನೆ ಬಾಗಿಲಲ್ಲಿ ಆ ನೀಲಿ ಡ್ರಮ್ಮು ಇತ್ತು. ಒಂದು ಅಗುಳೂ ಅಂಟದಂತೆ ಬೂದಿ ಹಾಕಿ ತಿಕ್ಕಿ ತೊಳೆದಿದ್ದರು. ನನ್ನ ಗಂಡ ಡ್ರಮ್ಮನ್ನು ನೋಡಿದರು, ನನ್ನನ್ನು ನೋಡಿದರು, ಊಟಕ್ಕೆ ಕೂತರು. ಊರಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತ್ತು.

ಕ್ಯಾಂಟೀನಿನ ಅನ್ನ ಬರುವುದು ನಿಲ್ಲಲಿಲ್ಲ. ಚೆಲ್ಲುವುದೇಕೆ ಅಂತ ನಾನು ನಮ್ಮ ಆಕಳಿಗೇ ಹಾಕತೊಡಗಿದೆ. ಸೊಪ್ಪೆ ಕತ್ತರಿಸುವುದು ಭಾಳ ಬೇಜಾರಿನ ಕೆಲಸ, ಅನ್ನವಾದರೆ ಸುರಿದರಾಯಿತು. ಸೊಪ್ಪೆ ಅರ್ಧಕ್ಕರ್ಧ ಕಡಿಮೆ ಮಾಡಿದೆ. ನಮ್ಮ ಆಕಳಿಗೂ ಹಾಲು ಏರಿತು. ನಾನು ಖುಷಿಪಟ್ಟೆ.

ಮೂರು ವಾರ ಆಗಿರಬೇಕು. ನನ್ನ ಮನೆಯ ಹಾಲನ್ನು ನಾನು ಎಲ್ಲರದ್ದೂ ಮುಗಿದ ಮೇಲೆ ಕೊನೆಗೆ ನೋಡುತ್ತಿದ್ದೆ. ಆ ದಿನ ಡೈರಿಯಲ್ಲಿ ಯಾರೂ ಇರಲಿಲ್ಲ. ಮಷೀನಿನ ಮೇಲೆ ಕೆಂಪಗೆ ಎರಡು ಪಾಯಿಂಟ್ ಒಂಬತ್ತು ಅಂತ ಬಂತು.

ಆ ಹಾಲು ಹಿಂಡಿದವಳು ನಾನು. ಹೊತ್ತು ತಂದವಳು ನಾನು. ಅದರ ಮೇಲೆ ನನ್ನದಲ್ಲದೆ ಇನ್ನೊಬ್ಬರ ಕೈ ಬಿದ್ದಿರಲಿಲ್ಲ. ಕಡ್ಡಿ ಇಳಿಬಿಟ್ಟು ನೋಡಿದೆ, ಡಿಗ್ರಿ ಸರಿಯಾಗಿಯೇ ಇತ್ತು. ನಾನು ಓದಿದ ಪಾಠದ ಪ್ರಕಾರ ಕೆನೆ ತೆಗೆದವಳು ನಾನೇ ಆಗಬೇಕಿತ್ತು. ಏನು ಮಾಡಿದೆ ಗೊತ್ತೇ? ಆ ಹಾಲನ್ನು ವಾಪಸ್ ಮನೆಗೆ ಒಯ್ದು ಹೆಪ್ಪು ಹಾಕಿದೆ. ಮರುದಿನವೂ ಹಾಗೆ. ಮನೆಗೆ ನೆಂಟರು ಬರುತ್ತಾರೆ, ಮೊಸರು ಬೇಕು ಅಂತ ಕೇಳಿದವರಿಗೆ ಹೇಳಿದೆ. ಅತ್ತೆಗೆ ನಾನು ಕೊಡದ ಮುಚ್ಚುಮರೆಯನ್ನು ನನಗೆ ನಾನು ಕೊಟ್ಟುಕೊಂಡೆ.

ಐದಾರು ದಿನಕ್ಕೆ ಆಕಳು ಸಪ್ಪಗಾಯಿತು. ಸಗಣಿ ತೆಳ್ಳಗೆ, ನೊರೆ ನೊರೆ. ಸಂಡೂರಿನಿಂದ ದನದ ಡಾಕ್ಟರನ್ನು ಕರೆಸಿದೆವು. ಅವರು ಹೊಟ್ಟೆಯ ಎಡಗಡೆ ಮುಷ್ಟಿ ಒತ್ತಿ ನೋಡಿದರು, ಇದು ಮೆಲುಕು ಹಾಕಿ ಎಷ್ಟು ದಿನವಾಯಿತು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಏನು ಹಾಕುತ್ತೀರಿ ಅಂತ ಕೇಳಿದರು. ಡ್ರಮ್ಮು ತೋರಿಸಿದೆ. ಡಾಕ್ಟರು ಹಣೆ ಚಚ್ಚಿಕೊಂಡರು.

ಅವರು ಕೈ ತೊಳೆಯುತ್ತಾ ಹೇಳಿದ್ದು ನನಗೆ ಒಂದಕ್ಷರ ಬಿಡದೆ ನೆನಪಿದೆ. ಆಕಳ ಹಾಲಿನ ಬೆಣ್ಣೆಯಲ್ಲಿ ಅರ್ಧದಷ್ಟು ಅದರ ಹೊಟ್ಟೆಯಲ್ಲಿ ಹುಲ್ಲಿನ ನಾರು ಹುದುಗಿಯೇ ಹುಟ್ಟಬೇಕು. ಹುಲ್ಲು, ಸೊಪ್ಪೆ ತಿಂದರೆ ಆಕಳು ಮೆಲುಕು ಹಾಕುತ್ತದೆ, ಜೊಲ್ಲು ಇಳಿಯುತ್ತದೆ, ಹೊಟ್ಟೆಯ ಹುಳಿ ಮುರಿಯುತ್ತದೆ. ಬರೀ ಅನ್ನ ಹಾಕಿದರೆ ಅಗಿಯುವುದಕ್ಕೆ ಏನಿದೆ? ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಹಾಲು ಹೆಚ್ಚಾಗುತ್ತದೆ, ಬೆಣ್ಣೆ ಇಳಿದುಹೋಗುತ್ತದೆ. ಮೇಲೆ ತೌಡಿನ ಎಣ್ಣೆ ಸೇರಿದರಂತೂ ಮುಗಿಯಿತು. ಡಿಗ್ರಿಯಲ್ಲಿ ಇದು ಕಾಣುವುದಿಲ್ಲ, ಫ್ಯಾಟಿನಲ್ಲಿ ಮಾತ್ರ ಕಾಣುತ್ತದೆ. ಕೆನೆ ತೆಗೆದ ಹಾಲಿನಂತೆಯೇ ಕಾಣುತ್ತದೆ. ನೀವು ಡೈರಿಯಲ್ಲಿ ಕೆಲಸ ಮಾಡುವವರು, ನಿಮಗೆ ಇಷ್ಟೂ ಗೊತ್ತಿಲ್ಲವೇ ಅಂತ ಅವರು ಕೇಳಿದರು. ಅನ್ನ ನಿಲ್ಲಿಸಿ, ಸೋಡಾ ಪುಡಿ ಕುಡಿಸಿ, ಒಣ ಸೊಪ್ಪೆ ಹಾಕಿ ಅಂತ ಹೇಳಿ ಹೋದರು.

ನಾನು ಗೋದಲಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಅತ್ತೆಯ ಆಕಳಿಗೆ ಅನ್ನ ಹಚ್ಚಿದವಳು ನಾನು. ಅದರ ಹಾಲಿನ ಬೆಣ್ಣೆ ತೆಗೆದವಳೂ ನಾನೇ. ಆಮೇಲೆ ಕಳ್ಳಿಯ ಪಟ್ಟ ಅವರಿಗೆ ಕಟ್ಟಿದವಳೂ ನಾನೇ. ಎಂಥ ಕೆಟ್ಟ ಹೆಂಗಸು ನಾನು ಅಂತ ಅನ್ನಿಸಿ ಗೋಳೋ ಅಂತ ಅತ್ತುಬಿಟ್ಟೆ.

ಅದೇ ಮಧ್ಯಾಹ್ನ ಅವರ ಮನೆಗೆ ಹೋದೆ. ಒಂದು ತಿಂಗಳಿಂದ ಆ ಹೊಸ್ತಿಲು ತುಳಿದಿರಲಿಲ್ಲ. ಅತ್ತೆ ಒಲೆ ಮುಂದಿದ್ದರು. ನನ್ನ ಕಂಡು ಮಣೆ ಸರಿಸಿದರು. ಮನೆಗೆ ಬಂದವರನ್ನು ಹಾಗೇ ಕಳಿಸುವುದು ಅವರಿಗೆ ಗೊತ್ತಿಲ್ಲ. ತಟ್ಟೆಗೆ ಒಂದು ಬಿಸಿ ರೊಟ್ಟಿ ಹಾಕಿ, ಗೂಡಿನಿಂದ ಜಾಡಿ ಇಳಿಸಿ, ತಳ ಕೆರೆದು ಒಂದು ಚಮಚ ತುಪ್ಪ ಹಾಕಿದರು.

ತುಪ್ಪ ಅರಿಶಿಣದಂತೆ ಹಳದಿ ಇತ್ತು. ಮರಳು ಮರಳಾಗಿತ್ತು.

ಅದು ಗುಡ್ಡದ ಹುಲ್ಲಿನ ತುಪ್ಪ. ಆಕಳು ಮೇಯಲಿಕ್ಕೆ ಹೋಗುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು, ಅನ್ನ ತಿಂದ ಆಕಳಿಂದ ಆ ಬಣ್ಣ ಬರುವುದು ಸಾಧ್ಯವೇ ಇರಲಿಲ್ಲ. ಒಳಕೋಣೆಯ ಬಾಣಂತಿ ಮಗಳೇ ಹೇಳಿದಳು: ತಾನು ಬಸುರಿ ಅಂತ ತಿಳಿದ ಮೇಲೆ ಮಳೆಗಾಲವಿಡೀ ತಾಯಿ ದಿನಾ ಒಂದು ಲೋಟ ಹಾಲು ಮನೆಗೆ ಅಂತ ಉಳಿಸಿ, ಬೆಣ್ಣೆ ಮಾಡಿ, ಕಾಸಿ ಕಾಸಿ ಈ ಜಾಡಿ ತುಂಬಿಸಿದ್ದರಂತೆ. ತಾವು ಒಂದು ತೊಟ್ಟೂ ಬಾಯಿಗೆ ಹಾಕಿರಲಿಲ್ಲವಂತೆ. ಮೂರು ಹೆಜ್ಜೆ ನಡೆದು ಬಂದು ಈ ಜಾಡಿಯ ಮುಚ್ಚಳ ತೆಗೆದಿದ್ದರೆ ನನಗೆ ಮಷೀನೇ ಬೇಕಾಗಿರಲಿಲ್ಲ. ಬಣ್ಣವೇ ಎಲ್ಲ ಹೇಳುತ್ತಿತ್ತು.

ರೊಟ್ಟಿ ಮುರಿಯದೆ ತಟ್ಟೆ ಪಕ್ಕಕ್ಕಿಟ್ಟೆ. ಅತ್ತೆಯ ಕಾಲು ಹಿಡಿದುಕೊಂಡು ಎಲ್ಲ ಹೇಳಿದೆ. ನಮ್ಮ ಆಕಳ ಹಾಲಿನ ಫ್ಯಾಟು, ಡಾಕ್ಟರು ಹೇಳಿದ್ದು, ನಾನು ಹಾಲು ಬಚ್ಚಿಟ್ಟದ್ದು, ಒಂದನ್ನೂ ಬಿಡಲಿಲ್ಲ. ತಪ್ಪಾಯಿತು ಅಂದೆ. ಅತ್ತೆ ಕಾಲು ಎಳೆದುಕೊಂಡರು. ರೊಟ್ಟಿ ಹೊತ್ತುತ್ತಿತ್ತು, ಅದನ್ನು ತಿರುವಿ ಹಾಕಿದರು.

"ಇದನ್ನ ನನಗ್ಯಾಕ ಹೇಳ್ತೀಯವ್ವಾ?" ಅಂದರು. "ನಾ ತಗದಿಲ್ಲ ಅಂತ ನನಗ ಮೊದಲಾ ಗೊತ್ತಿತ್ತು. ಗೊತ್ತಿಲ್ಲದೋರಿಗೆ ಹೇಳು."

ನಾಳೆ ಬೆಳಗ್ಗೆಯೇ ಹೇಳುತ್ತೇನೆ ಅಂತ ಮಾತು ಕೊಟ್ಟು ಎದ್ದೆ. ಅವರ ಆಕಳಿಗೆ ಅಂತ ನಮ್ಮ ಮನೆಯ ಸೊಪ್ಪೆ ಒಂದು ಹೊರೆ ಕಳಿಸಿದೆ. ಅದನ್ನು ಅವರು ವಾಪಸ್ ಕಳಿಸಲಿಲ್ಲ.

ಮರುದಿನ ಬೆಳಗ್ಗೆ ಹಾಲಿನ ವ್ಯಾನು ಬೇಗ ಬಂತು, ಗಡಿಬಿಡಿಯಾಯಿತು, ಹೇಳಲಿಲ್ಲ. ಅದರ ಮರುದಿನ ಅರ್ಧ ಜನ ಇರಲಿಲ್ಲ, ಎಲ್ಲರೂ ಇರುವಾಗ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಶಿವರಾತ್ರಿ, ಆಮೇಲೆ ಮಷೀನು ಕೆಟ್ಟಿತು, ಆಮೇಲೆ ಅಮಾವಾಸ್ಯೆ. ನೆವಕ್ಕೇನು, ಹುಡುಕಿದರೆ ದಿನಕ್ಕೊಂದು ಸಿಗುತ್ತದೆ. ನಿಜ ಹೇಳಬೇಕೆಂದರೆ ನಾನು ಹೇಳಿದ ದಿನವೇ ಇನ್ನು ಈ ಹೆಂಗಸರು ನನ್ನ ಮಷೀನಿನ ಅಂಕಿ ನಂಬುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆ ಕುರ್ಚಿ ಬಿಡಲಿಕ್ಕೆ ನನಗೆ ಮನಸ್ಸಿರಲಿಲ್ಲ. ಬಾಯಿ ಜೋರಿನವಳು ಅಂತ ಹೆಸರಾದ ನನ್ನ ಬಾಯಿಗೆ ಆ ಎರಡು ಮಾತು ಮಾತ್ರ ಬರಲಿಲ್ಲ.

ಆ ನಡುವೆ ಯಾವುದೂ ಇದ್ದ ಹಾಗೆ ಉಳಿಯಲಿಲ್ಲ. ಆ ದಿನ ಸಾಲಿನಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರಾದ ಮೇಲೆ ಒಬ್ಬರು ಆಕಳು ಮಾರಿದರು. ಮೇಯಲಿಕ್ಕೆ ಗುಡ್ಡವಿಲ್ಲ, ಕೂಲಿಗೆ ಹೋದರೆ ಅದಿರು ಆರಿಸುವ ಕೆಲಸವಿದೆ, ದನ ಯಾರಿಗೆ ಬೇಕು? ಬೆಳಗ್ಗೆ ಕ್ಯಾನು ಹಿಡಿದು ಬರುತ್ತಿದ್ದವರು ಬುತ್ತಿ ಹಿಡಿದು ಟ್ರ್ಯಾಕ್ಟರು ಹತ್ತತೊಡಗಿದರು. ಅತ್ತೆಯೂ ಹೊರಟರು. ಮೊಮ್ಮಗನಿಗೆ ಐದು ತಿಂಗಳಾದಾಗ ಮಗಳನ್ನು ಬಿಡಲಿಕ್ಕೆ ಕಂಪ್ಲಿಗೆ ಹೋದವರು, ಅಲ್ಲಿ ಕಾಲುವೆ ದಂಡೆಯ ಹಸಿರು ನೋಡಿ, ಟೆಂಪೋ ಮಾಡಿಸಿಕೊಂಡು ವಾಪಸ್ ಬಂದು ಆಕಳನ್ನೂ ಕರೆದೊಯ್ದರು. ಹೋಗುವಾಗ ನನ್ನ ಮನೆ ಮುಂದೆ ನಿಂತು ನನ್ನನ್ನೇ ನೋಡಿದರು. ಹೇಳಿದೆಯಾ ಅಂತ ಬಾಯಿಬಿಟ್ಟು ಕೇಳಲಿಲ್ಲ. ನಾನು ಆಕಳ ಕೊರಳು ತುರಿಸುತ್ತಾ ನಿಂತೆ.

ಅವರು ಹೋದ ಮೇಲೆ ಒಂದು ಬೆಳಗ್ಗೆ ಹೇಳಿದೆ. ತಡವರಿಸದೆ, ಸುತ್ತಿ ಬಳಸದೆ, ಮಷೀನು ಬಂದ್ ಮಾಡಿ ಎದ್ದು ನಿಂತು ಹೇಳಿದೆ. ಅತ್ತೆ ಕೆನೆ ತೆಗೆದಿರಲಿಲ್ಲ, ಅನ್ನದ ಮೇವಿನಿಂದ ಹಾಗಾಯಿತು, ತಪ್ಪು ನನ್ನದು. ಹಳೆಯ ಹನ್ನೊಂದು ಜನರಲ್ಲಿ ಅಂದು ಅಲ್ಲಿ ಇದ್ದವರು ನಾಲ್ವರು. ಉಳಿದವರು ಆಮೇಲೆ ಊರಿಗೆ ಬಂದ ಹೊಸ ಸೊಸೆಯರು, ಅವರಿಗೆ ನಾನು ಯಾರ ಮಾತು ಆಡುತ್ತಿದ್ದೇನೆ ಅಂತಲೇ ತಿಳಿಯಲಿಲ್ಲ. ಆ ನಾಲ್ವರಲ್ಲಿ ಹಿರಿಯಳು ನನ್ನ ಬೆನ್ನು ಸವರಿದಳು. ಆಕೆಯ ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ.

"ಬಿಡು ತಂಗೀ, ಹಳೇ ಮಾತು. ಬಾಣಂತಿ ಮಗಳ ಸಲುವಾಗಿ ಒಂದೀಟು ತಗದಿರ್ತಾಳ ಆಯವ್ವ. ನಾವು ಅದನ್ನ ಅವತ್ತಾ ಹೊಟ್ಟ್ಯಾಗ ಹಾಕ್ಕೊಂಡೀವಿ."

ಉಳಿದ ಮೂವರೂ ಹೌದೆಂದು ತಲೆಯಾಡಿಸಿದರು. ನಾನು ಮತ್ತೆ ಹೇಳಿದೆ, ಅನ್ನದ್ದು ಹೇಳಿದೆ, ಹುಳಿಯದ್ದು ಹೇಳಿದೆ, ಜಾಡಿಯ ತುಪ್ಪದ ಬಣ್ಣದ್ದೂ ಹೇಳಿದೆ. ಅತ್ತೆಯ ಮೇಲಿನ ಮಮತೆಗೆ ನಾನು ಮುಚ್ಚಿಹಾಕುತ್ತಿದ್ದೇನೆ ಅಂದುಕೊಂಡು ಅವರು ಮೆಚ್ಚುಗೆಯಿಂದ ನನ್ನನ್ನು ನೋಡಿದರು. ಅತ್ತೆ ಮಾಡದ ತಪ್ಪನ್ನು ಅವರು ಮಾಫಿ ಮಾಡಿ ಎಷ್ಟೋ ಕಾಲವಾಗಿತ್ತು. ನಾನು ತಡಮಾಡಿದ ಅಷ್ಟೂ ದಿನ ಆ ಮಾತು ಅವರೊಳಗೆ ಬೇರುಬಿಟ್ಟು ಕೂತಿತ್ತು. ಮುಂದಿನ ತಿಂಗಳು ನಾನು ಆ ಕೆಲಸ ಬಿಟ್ಟೆ.

ಬೇಸಿಗೆ ಕಳೆದು ಕಂಪ್ಲಿಗೆ ಹೋದೆ. ಹೊಸಪೇಟೆಯಿಂದ ಬಸ್ಸು ಕಾಲುವೆ ದಾಟಿದ ಮೇಲೆ ಎಲ್ಲಿ ನೋಡಿದರೂ ಭತ್ತದ ಗದ್ದೆ. ಆಕಳು ದಂಡೆಯ ಮೇಲೆ ಮೇಯುತ್ತಿತ್ತು, ಮೈ ತುಂಬಿಕೊಂಡಿತ್ತು. ಇಲ್ಲಿಯ ಡೈರಿಯಲ್ಲಿ ತಮ್ಮ ಹಾಲಿಗೆ ಮತ್ತೆ ನಾಲ್ಕರ ಮೇಲೆ ಬರುತ್ತದೆ ಅಂತ ಅತ್ತೆ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಊಟಕ್ಕೆ ಕೂರಿಸಿ ಬಡಿಸುತ್ತಾ, ಮೊಮ್ಮಗನನ್ನು ಕಂಕುಳಿಗೆ ಏರಿಸಿಕೊಂಡು, ಕೊನೆಗೂ ಕೇಳಿದರು.

"ಹೇಳಿದೇನವ್ವಾ ಅವರಿಗೆ?"

"ಹೇಳಿದೆ ರೀ ಅತ್ತಿ."

"ಏನಂದ್ರು?"

ನನ್ನ ತಟ್ಟೆಯಲ್ಲಿ ಬಿಸಿ ಅನ್ನವಿತ್ತು. ಅದನ್ನೇ ನೋಡುತ್ತಾ, "ನಂಬಿದ್ರು ರೀ" ಅಂದೆ.

ಅತ್ತೆ ಸಾಕು ಬಿಡು ಅಂದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು, ಜಾಡಿ ತೆಗೆದು ನನ್ನ ಅನ್ನದ ಮೇಲೆ ಎರಡು ಚಮಚ ತುಪ್ಪ ಹಾಕಿದರು. ಹಳದಿ ತುಪ್ಪ. ನಾನು ಬೇಡ ಅನ್ನಲಿಲ್ಲ. ಕಲಸಿಕೊಂಡು ಉಂಡೆ.